ರಾಣಿಯ ಮೂಗು

ಮಕ್ಕಳೇ, ಕವಿಗಳಿಗೆ ಹೆಂಗಸರ ಮುಖವನ್ನು ನೇರವಾಗಿ ನೋಡಲು ಸಂಕೋಚ ಇರಬೇಕು ಎಂದು ನನಗೆ ಮೊದಲಿನಿಂದಲೂ ಅನುಮಾನ. ಎದುರಿಗೆ ನಿಂತವಳನ್ನು ನೋಡುವ ಬದಲು ಅವರು ಪಕ್ಕದ ತೋಟ, ಕೆರೆ, ಸಂತೆಯ ಕಡೆ ಕಣ್ಣು ಹಾಯಿಸಿ ಬರೆದುಬಿಡುತ್ತಾರೆ. ಕಣ್ಣು ತಾವರೆ, ತುಟಿ ತೊಂಡೆಹಣ್ಣು, ಹಲ್ಲು ದಾಳಿಂಬೆ ಬೀಜ, ಮೂಗು ಸಂಪಿಗೆ, ಕತ್ತು ಶಂಖ. ನಾನು ಮಾಗಡಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು. ನಮ್ಮ ಕನ್ನಡ ಮೇಷ್ಟ್ರು ಊಟದ ಗಂಟೆಗೆ ಮುಂಚೆ ಇಂಥ ವರ್ಣನೆಗಳನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರೆ, ಹಸಿದು ಕೂತ ನಮಗೆ ರಾಜಕುಮಾರಿ ಕಾಣುತ್ತಿರಲಿಲ್ಲ, ತರಕಾರಿ ಬುಟ್ಟಿ ಕಾಣುತ್ತಿತ್ತು. ಅದರಲ್ಲೂ ತೊಂಡೆಹಣ್ಣು ನನಗೆ ಬಗೆಹರಿಯಲೇ ಇಲ್ಲ. ತೊಂಡೆಕಾಯಿ ಹಣ್ಣಾದರೆ ಪಲ್ಯಕ್ಕೆ ಬರುವುದಿಲ್ಲ ಎಂದು ನಮ್ಮವ್ವ ಬೇಲಿಯಾಚೆ ಎಸೆಯುತ್ತಿದ್ದಳು. ಅಂಥದ್ದಕ್ಕೆ ತುಟಿಯನ್ನು ಹೋಲಿಸಿದರೂ ಸುಮ್ಮನಿದ್ದಳಲ್ಲ, ಆ ರಾಜಕುಮಾರಿ ಪಾಪ, ಬಹಳ ಒಳ್ಳೆಯ ಹುಡುಗಿ ಇರಬೇಕು ಅಂದುಕೊಂಡೆ. ಮೇಷ್ಟ್ರನ್ನು ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಹಾಜರಿ ಕೂಗಿದಾಗ ‘ಇದೀನಿ ಸಾರ್’ ಎನ್ನಲೂ ನಾಚಿ, ಒಂದೊಂದು ದಿನ ಕ್ಲಾಸಿನಲ್ಲಿ ಕೂತುಕೊಂಡೇ ಗೈರುಹಾಜರಾದವಳು ನಾನು.

ಕವಿಗಳದು ಹೀಗಾದರೆ ಶಿಲ್ಪಿಗಳದು ಇನ್ನೊಂದು ಬಗೆ. ಮದುವೆಯಾದ ಹೊಸದರಲ್ಲಿ ನಿಮ್ಮ ತಾತ ನನ್ನನ್ನು ಒಂದು ಹಳೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದರು. ಗೋಡೆಯ ತುಂಬ ಕಲ್ಲಿನ ಸುಂದರಿಯರು. ಒಬ್ಬೊಬ್ಬಳ ಸೊಂಟವೂ ಇದೆಯೋ ಇಲ್ಲವೋ ಎನ್ನುವಷ್ಟು. ದಿನಾ ಬೆಳಿಗ್ಗೆ ಬೀದಿ ನಲ್ಲಿಯಿಂದ ನೀರು ಹೊರುತ್ತಿದ್ದ ನನಗೆ ತಡೆಯಲಾಗಲಿಲ್ಲ.

“ಏನೂಂದ್ರೆ, ಈ ಸೊಂಟದ ಮೇಲೆ ಬಿಂದಿಗೆ ನಿಲ್ಲುತ್ತಾ?” ಅಂದೆ.

“ಅವರ ಮನೆ ಒಳಗೇ ನಲ್ಲಿ ಇತ್ತೇನೋ ಕಣೇ, ಸುಮ್ನೆ ನೋಡು” ಅಂದರು ತಾತ.

ಇನ್ನು ಕ್ಯಾಲೆಂಡರಿನ ದೇವಿಯರನ್ನು ನೋಡಿ. ರಾಕ್ಷಸನ ಎದೆಯ ಮೇಲೆ ಕಾಲಿಟ್ಟು, ಶೂಲ ಚುಚ್ಚಿ, ಸಿಂಹವನ್ನೂ ಸಂಭಾಳಿಸಿಕೊಂಡು ನಿಂತಿದ್ದರೂ ಒಂದು ಕೂದಲು ಆಚೀಚೆ ಆಗಿರುವುದಿಲ್ಲ. ನಾನು ಒಂದು ಮೊರ ಅವರೆಕಾಯಿ ಸುಲಿದು ಏಳುವಷ್ಟರಲ್ಲಿ ತಲೆ ಗುಬ್ಬಿಗೂಡಾಗಿರುತ್ತದೆ.

ಈ ಎಲ್ಲ ಪರೀಕ್ಷೆಗಳಲ್ಲೂ ಫೇಲಾದ ನನ್ನ ಮುಖದಲ್ಲಿ ಪಾಸಾದದ್ದು ಒಂದೇ, ಮೂಗು. ಹೇಳಿಕೊಳ್ಳಲು ನಾಚಿಕೆ, ಆದರೆ ಮೊಮ್ಮಕ್ಕಳಿಗೆ ಹೇಳದೆ ಇನ್ಯಾರಿಗೆ ಹೇಳಲಿ? ನನ್ನದು ಸಂಪಿಗೆ ಮೂಗು. ಹೆಣ್ಣು ನೋಡಲು ಬಂದಾಗ ತಾತನ ಸೋದರಮಾವ ಹಾಗೆಂದದ್ದನ್ನು ನಾನು ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡಿದ್ದೇನೆ. ನನ್ನ ಅತ್ತೆ ಪುಟ್ಟಮ್ಮನವರು ಮಾತ್ರ ಅದನ್ನು ಅಷ್ಟು ಸುಲಭವಾಗಿ ಒಪ್ಪಿದವರಲ್ಲ. “ಮೂಗೇನೋ ನೆಟ್ಟಗಿದೆ. ಸಾರೂ ನೆಟ್ಟಗಿದ್ದಿದ್ರೆ ಚೆನ್ನಾಗಿರೋದು” ಎನ್ನುತ್ತಿದ್ದರು. ಅವರ ಮೂಗು ಮುಖದ ಮಧ್ಯೆ ಕಾಲು ಚಾಚಿ ಕೂತಂಥ ಅಗಲವಾದ ಮೂಗು, ಎರಡು ಕಡೆಗೂ ಮೂಗುಬೊಟ್ಟು. ಮಾವನವರು ಬಿನ್ನಿಪೇಟೆಯಲ್ಲಿ ಮಿಲ್ ಕೆಲಸ ಮುಗಿಸಿ ಬಸವೇಶ್ವರನಗರದ ಈ ಮನೆಗೆ ಸೈಕಲ್ಲಿನಲ್ಲಿ ಬರುವಷ್ಟರಲ್ಲಿ, ಅತ್ತೆ ಜಗುಲಿಯಲ್ಲಿ ಕೂತೇ ಬೀದಿಯ ಯಾವ ಮನೆಯಲ್ಲಿ ಹಾಲು ಉಕ್ಕಿದೆ, ಯಾರು ಒಗ್ಗರಣೆಗೆ ಇಂಗು ಮರೆತಿದ್ದಾರೆ ಎಲ್ಲವನ್ನೂ ಆ ಮೂಗಿನಲ್ಲೇ ಪತ್ತೆ ಮಾಡಿರುತ್ತಿದ್ದರು. ಆ ಮೂಗು ಈ ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ತಾತನಿಗೆ ಬಂತು, ನನ್ನ ಮಗನಿಗೆ ಬಂತು, ಅವನ ಮಗಳು ಸಿಂಧುವಿಗೂ ಬಂತು. ನನ್ನ ಸಂಪಿಗೆ ನನ್ನ ಹತ್ತಿರವೇ ನಿಂತುಬಿಟ್ಟಿತು.

ಸಿಂಧು, ಇಲ್ಲಿಂದ ಮುಂದೆ ನಿನ್ನ ಕಥೆ. ಕೋಪ ಮಾಡಿಕೊಳ್ಳಬೇಡ, ಬರಿ ಎಂದವಳೂ ನೀನೇ.

ಅವಳು ಪಿಯುಸಿಗೆ ಸೇರಿದ ವರ್ಷ. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದವರ ಮುಂದೆ ಹಾಡುವುದು ಚಿಕ್ಕಂದಿನಿಂದ ಅವಳದೇ ಪಾಲು. ಅವಳ ಹಾಡು ಕೇಳಲೆಂದೇ ವಿಜಯನಗರದಿಂದ ನೆಂಟರು ಬರುತ್ತಿದ್ದರು. ಆ ವರ್ಷ ಕಾಲೇಜಿನಲ್ಲಿ ಯಾವುದೋ ಹುಡುಗಿ ಅವಳ ಮೂಗಿಗೆ ‘ಬೋಂಡಾ’ ಎಂದು ಹೆಸರಿಟ್ಟಿದ್ದಳಂತೆ. ಅಂದಿನಿಂದ ಇವಳು ಕೊರೊನಾ ಕಾಲದ ಮಾಸ್ಕನ್ನು ಬೀರುವಿನಿಂದ ತೆಗೆದು ಹಾಕಿಕೊಂಡವಳು ಬಿಚ್ಚಲೇ ಇಲ್ಲ. ಕೇಳಿದರೆ “ಮಾಗಡಿ ರೋಡ್ ಧೂಳು ಅಜ್ಜಿ, ಅಲರ್ಜಿ.” ನಮ್ಮ ಹಾಲ್‌ನಲ್ಲಿ ಎಲ್ಲಿಯ ಮಾಗಡಿ ರೋಡ್? ಅವಳ ಫೋನಿನಲ್ಲಿ ಒಂದು ಆಟವಿದೆ. ಮುಖ ಹಿಡಿದರೆ ಮೂಗು ಸಣ್ಣದು, ಕಣ್ಣು ದೊಡ್ಡದು, ಕೆನ್ನೆ ಬೆಳ್ಳಗೆ ಆಗಿಬಿಡುತ್ತದೆ. ನಮ್ಮ ಹಳೆಯ ಕವಿಗಳೆಲ್ಲ ಅದರೊಳಗೆ ಸೇರಿಕೊಂಡು ಕೆಲಸ ಮಾಡುತ್ತಿದ್ದಾರೆ ಎಂದು ನನ್ನ ಅನುಮಾನ. ಒಮ್ಮೆ ನನ್ನ ಮುಖಕ್ಕೂ ಹಿಡಿದಳು. ಇಸ್ತ್ರಿ ಮಾಡಿದ ದಿಂಬಿನ ಕವರಿನಂತೆ ಕಂಡೆ.

“ಏನಾಗಿದೆಯೇ ನಿನ್ನ ಮೂಗಿಗೆ?” ಅಂದೆ ಒಂದು ದಿನ.

“ನಿಂಗೇನು ಅಜ್ಜಿ, ನಿನ್ನ ಮೂಗು ಚೆನ್ನಾಗಿದೆ. ಕಥೇಲಿ, ಪೇಂಟಿಂಗಲ್ಲಿ, ಎಲ್ಲಾದ್ರೂ ನನ್ನಂಥ ಮೂಗಿರೋ ಒಬ್ಬ ಹೀರೋಯಿನ್ ತೋರಿಸು ನೋಡೋಣ. ಈ ಸಲ ನಾನಂತೂ ಹಾಡಲ್ಲ. ಎಲ್ರೂ ಮುಖಾನೇ ನೋಡ್ತಿರ್ತಾರೆ.”

ಹೊಗಳಿಕೆ ಬಂತೆಂದು ಹಿಗ್ಗುವ ಹಾಗೂ ಇಲ್ಲ. ಅವಳು ಹೊರಟ ಮೇಲೆ ಮನೆಯ ಚಿತ್ರಗಳನ್ನೆಲ್ಲ ಒಂದು ಸುತ್ತು ನೋಡಿ ಬಂದೆ. ದೇವರ ಮನೆ, ಹಾಲ್, ಅಡುಗೆಮನೆಯ ಕ್ಯಾಲೆಂಡರ್, ಅಕ್ಕಿ ಚೀಲದ ಮೇಲಿನ ಅನ್ನಪೂರ್ಣೆ. ಅವಳು ಹೇಳಿದ್ದು ನಿಜ. ಅಂಥ ಮೂಗು ಇದ್ದದ್ದು ಒಬ್ಬನಿಗೇ, ದೇವಿಯ ಕಾಲ ಕೆಳಗೆ ಬಿದ್ದಿದ್ದ ರಾಕ್ಷಸನಿಗೆ. ಆ ಕ್ಯಾಲೆಂಡರಿನ ಹಾಳೆಯನ್ನು ತಿಂಗಳು ಮುಗಿಯುವ ಮುಂಚೆಯೇ ತಿರುಗಿಸಿ ಹಾಕಿದೆ. ಅದರಿಂದ ಹಾಲಿನವನ ಲೆಕ್ಕ ತಪ್ಪಿ ಸೊಸೆ ಶೈಲಜಾಳಿಂದ ಬೈಸಿಕೊಂಡದ್ದು ಬೇರೆ ಮಾತು.

ಹೀಗಿರುವಾಗ ಹಬ್ಬ ಬಂತು. ಅಟ್ಟದ ಮೇಲಿನ ಟ್ರಂಕು ಇಳಿಸಿ, ತಾತನ ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಪಟ್ಟದ ಗೊಂಬೆಗಳನ್ನು ಬಿಚ್ಚಿದೆವು. ಮದುವೆಯಲ್ಲಿ ನಮ್ಮವ್ವ ಕೊಟ್ಟ ಮರದ ರಾಜ, ರಾಣಿ. ಈ ಜೋಡಿ ಮೇಲಿನ ಮೆಟ್ಟಿಲಲ್ಲಿ ಕೂತ ಮೇಲೆಯೇ ಮಿಕ್ಕ ಗೊಂಬೆಗಳಿಗೆ ಜಾಗ. ತಾತ ಹೋದ ಮೇಲೆ ಅವನ್ನು ಕೂರಿಸುವವಳು ಶೈಲಜಾ. ನಾನು ಬಾಗಿಲ ಹಿಂದೆ ನಿಂತು ‘ರಾಣಿ ಎಡಕ್ಕೆ, ಸೆರಗು ಸರಿಮಾಡು’ ಎನ್ನುವವಳು. ಈ ಸಲ ಪಂಚೆ ಬಿಚ್ಚಿದರೆ ರಾಜನ ಮೀಸೆ ಭದ್ರವಾಗಿದೆ, ರಾಣಿಯ ಮೂಗು ಇಲ್ಲ. ಇಲಿಯ ಕೆಲಸ.

“ಬಿಡಿ ಅಮ್ಮ, ಆನ್‌ಲೈನಲ್ಲಿ ಹೊಸ ಜೋಡಿ ಸಿಗುತ್ತೆ, ನಾಳೆನೇ ಬರುತ್ತೆ” ಅಂದಳು ಶೈಲಜಾ.

ಅವ್ವ ಕೊಟ್ಟ ರಾಣಿಯನ್ನು ಬಿಡುವುದು ಹೇಗೆ? ಹಾಗೆಂದು ಭಿನ್ನವಾದ ಗೊಂಬೆಯನ್ನು ಪಟ್ಟಕ್ಕೆ ಕೂರಿಸುವ ಹಾಗೂ ಇಲ್ಲ. ಹೆಗ್ಗನಹಳ್ಳಿಯಲ್ಲಿ ಗೊಂಬೆಗೆ ಬಣ್ಣ ಹಾಕುವವರೊಬ್ಬರಿಗೆ ಮಗ ಫೋನು ಮಾಡಿದರೆ, “ಹಬ್ಬದ ಹಿಂದಿನ ದಿನ ಕೇಳ್ತೀರಲ್ಲ ಸಾರ್, ಹಬ್ಬ ಕಳೀಲಿ” ಅಂದರು. ಕೊನೆಗೆ ನಾನೇ ಮಾಡುತ್ತೇನೆ ಅಂದೆ. ಗೌರಿಗೆ ಅರಿಸಿನದ ಮೂಗು ತಿದ್ದಿದ ಕೈಯಲ್ಲವೇ? ಆದರೆ ನಾನು ಹಿಡಿದದ್ದು ಅರಿಸಿನದ ಮುದ್ದೆಯನ್ನಲ್ಲ. ನಲ್ಲಿ ಸೋರಿದರೆ ಮೆತ್ತುತ್ತಾರಲ್ಲ, ಎರಡು ಬೇರೆ ಬೇರೆ ಉಂಡೆಗಳನ್ನು ಕಲಸಿದರೆ ಕಲ್ಲಾಗುವ ಅಂಟು, ಅದನ್ನು. ಕೋಡುಬಳೆ ಹಿಟ್ಟಿನಂತೆ ನಾದಿ, ಮೇಷ್ಟ್ರನ್ನು ನೆನೆದು, ಎಳೆಯ ಸಂಪಿಗೆ ಮೊಗ್ಗಿನಂಥ ಮೂಗು ಮಾಡಿ ಅಂಟಿಸಿದೆ. ನಿಜ ಹೇಳಬೇಕೆಂದರೆ ಕೈಗನ್ನಡಿಯಲ್ಲಿ ನನ್ನ ಮೂಗನ್ನೇ ನೋಡಿಕೊಂಡು ಮಾಡಿದೆ. ಅಷ್ಟು ಹೊತ್ತಿಗೆ ಬಾಗಿಲ ಗಂಟೆ ಬಾರಿಸಿತು. ಎದುರು ಮನೆಯ ಶಾರದಮ್ಮ, ಕರಿಬೇವಿಗೆ ಬಂದಿದ್ದರು. ಶಾರದಮ್ಮ ಕರಿಬೇವಿಗೆ ಬಂದರೆ ಬರೀ ಕರಿಬೇವು ತೆಗೆದುಕೊಂಡು ಹೋದ ಚರಿತ್ರೆ ಇಲ್ಲ. ನಂದಿನಿ ಲೇಔಟಿನಲ್ಲಿರುವ ಅವರ ಮಗಳ ಮನೆಯ ಗೃಹಪ್ರವೇಶ, ಅಲ್ಲಿನ ಊಟದಲ್ಲಿ ಗಟ್ಟಿಯಾಗಿದ್ದ ಒಬ್ಬಟ್ಟು, ಎಲ್ಲ ಮುಗಿಸಿ ಅವರನ್ನು ಕಳಿಸಿ ಬಂದು ನೋಡುತ್ತೇನೆ, ಸಂಪಿಗೆ ಮೊಗ್ಗು ತನ್ನ ಭಾರಕ್ಕೆ ತಾನೇ ಕುಸಿದು, ಎರಡು ಕಡೆಗೂ ಹರಡಿ, ಮುಖದ ಮಧ್ಯೆ ಕಾಲು ಚಾಚಿ ಕೂತುಬಿಟ್ಟಿದೆ. ಒತ್ತಿದೆ, ಕಲ್ಲು. ಚಾಕುವಿನಲ್ಲಿ ಕೆತ್ತಿದೆ, ಚಾಕು ಮೊಂಡಾಯಿತು. ಬಣ್ಣ ಹಚ್ಚಿದರೆ ಸಣ್ಣದಾಗಿ ಕಾಣಬಹುದೆಂದು ಹಚ್ಚಿದೆ, ಇನ್ನೂ ಎದ್ದು ಕಂಡಿತು. ಕೊನೆಗೆ, ನೋಡುವವರ ಗಮನ ಆಚೆ ಹೋಗಲಿ ಎಂದು ಎರಡು ಕಡೆಗೂ ಚಿನ್ನದ ಬಣ್ಣದಲ್ಲಿ ಮೂಗುಬೊಟ್ಟು ಇಟ್ಟೆ. ಇಟ್ಟು ದೂರ ಸರಿದು ನೋಡಿದವಳೇ, ನನಗೆ ಗೊತ್ತಿಲ್ಲದೆ ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡೆ.

ಸಾಕ್ಷಾತ್ ನಮ್ಮತ್ತೆ!

ರಾಜ ಮಾತ್ರ ಎಂದಿನಂತೆ ಮುಂದೆ ನೋಡುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡಸರು ಮೂಗು ಗಮನಿಸುವುದಿಲ್ಲ. ನನಗೆ ಭಯವಾದದ್ದು ಸಿಂಧುವಿನ ಬಗ್ಗೆ. ಮೂಗಿನಿಂದಲೇ ನೊಂದ ಮಗುವಿನ ಮುಂದೆ ಅಂಥದ್ದೇ ಮೂಗನ್ನು ಮಾಡಿ, ಮೇಲಿನ ಮೆಟ್ಟಿಲಲ್ಲಿ, ಸೀರಿಯಲ್ ಸೆಟ್ ದೀಪ ಹಾಕಿ ಇಡುವುದೆಂದರೆ! ಬೇರೆ ದಾರಿ ಇರಲಿಲ್ಲ. ರಾಣಿಯ ಸೆರಗನ್ನು ಸ್ವಲ್ಪ ಮುಂದಕ್ಕೆ ಎಳೆದು ಶೈಲಜಾಳ ಕೈಗೆ ಕೊಟ್ಟೆ.

ಮರುದಿನ ಸಂಜೆ ಗೊಂಬೆ ನೋಡಲು ಮೊದಲು ಬಂದವರು ಶಾರದಮ್ಮನೇ. ಅವರ ಹಿಂದೆ ಬೀದಿಯ ಹೆಂಗಸರು, ಮಕ್ಕಳು. ನಾನು ಅಡುಗೆಮನೆಯಲ್ಲಿ ಕಡಲೆ ಉಸಲಿಗೆ ತೆಂಗಿನತುರಿ ಬೆರೆಸುತ್ತ ಕಿವಿಯನ್ನು ಹಾಲ್‌ನಲ್ಲಿ ಇಟ್ಟಿದ್ದೆ.

“ಅಯ್ಯೋ ಶಿವನೇ!” ಎಂಬ ಕೂಗು ಕೇಳಿತು. “ಪುಟ್ಟಮ್ಮನೋರು ಬಂದು ಕೂತಿದ್ದಾರಲ್ರೀ!”

ಉಸಲಿ ಸೌಟು ಹಿಡಿದೇ ಬಾಗಿಲಿಗೆ ಬಂದೆ. ಶಾರದಮ್ಮ ಗೊಂಬೆಗೆ ಕೈ ಮುಗಿದು ನಿಂತಿದ್ದರು. “ನಾನು ಮದುವೆಯಾಗಿ ಈ ಬೀದಿಗೆ ಬಂದಾಗ ಎಂಥ ಕಳೆ ಇತ್ತು ಗೊತ್ತಾ ಅವರಿಗೆ? ಹಬ್ಬದ ದಿನ ಸೀರೆ ಉಟ್ಟು ಜಗುಲಿಗೆ ಬಂದ್ರೆ ಮೂಗುಬೊಟ್ಟು ಆ ತುದಿ ಮನೆಗೆ ಹೊಳೆಯೋದು. ರಾಣಿ ಅಂದ್ರೆ ಹಂಗಿರಬೇಕು. ಅಂಥ ಮೂಗಿಗೆ ಇಟ್ರೇನೇ ಬೊಟ್ಟಿಗೂ ಬೆಲೆ.” ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮದು ನೋಡಿ, ಒಂದಕ್ಕೇ ಜಾಗ ಇಲ್ಲ” ಅಂದರು.

ಇಷ್ಟು ವರ್ಷ ಜೋಪಾನ ಮಾಡಿದ ಸಂಪಿಗೆ ಅಲ್ಲೇ ಬಾಡಿತು.

ಅಷ್ಟರಲ್ಲಿ ಅವರ ಕಣ್ಣು ಪರದೆಯ ಹಿಂದೆ ನಿಂತಿದ್ದ ಸಿಂಧುವಿನ ಮೇಲೆ ಬಿತ್ತು. “ಅದ್ಯಾಕಮ್ಮ ಮುಖಕ್ಕೆ ಬಟ್ಟೆ? ಜ್ವರಾನಾ? ತೆಗಿ, ನೋಡೋಣ.”

ನಾನು ‘ಬೇಡ ಶಾರದಮ್ಮ’ ಎನ್ನಬೇಕು, ಬಾಯಿ ಬರಲಿಲ್ಲ. ಹಾಜರಿ ಕೂಗಿದಾಗ ಬಾರದ ಬಾಯಿ ಈಗ ಬರುತ್ತದೆಯೇ? ಸಿಂಧು ಓಡಿಹೋಗುತ್ತಾಳೆ ಅಂದುಕೊಂಡೆ. ಓಡಲಿಲ್ಲ. ಮೆಲ್ಲಗೆ ಬಂದು ರಾಣಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ರಾಣಿಯ ಕೆನ್ನೆಗೆ ಕೆನ್ನೆ ತಾಗಿಸುವಷ್ಟು ಹತ್ತಿರ ಹೋಗಿ ಫೋನು ಎತ್ತಿ ಹಿಡಿದಳು. ಫೋನಿನೊಳಗಿನ ಕವಿಗಳು ಅಭ್ಯಾಸಬಲದಿಂದ ಇಬ್ಬರ ಮೂಗನ್ನೂ ಸಣ್ಣ ಮಾಡಿ ತೋರಿಸಿದರು. ಮೂಗುಬೊಟ್ಟುಗಳು ಒಂದರ ಮೇಲೊಂದು ಬಿದ್ದು, ರಾಣಿ ಯಾವುದೋ ಅಂಗಡಿಯ ಜಾಹೀರಾತಿನ ಹುಡುಗಿಯ ಹಾಗೆ ಕಂಡಳು.

“ಛೀ, ರಾಣಿ ಕಳೆನೇ ಹೋಯ್ತು” ಅಂದಳು ಸಿಂಧು. ಆಮೇಲೆ ಅದನ್ನು ಅಳಿಸಿ, ಆ ಆಟವನ್ನು ತೆಗೆದು, ಇನ್ನೊಂದು ಫೋಟೋ ಹಿಡಿದಳು. “ಅಜ್ಜಿ, ಬಾ ಇಲ್ಲಿ. ನಿಮ್ಮತ್ತೆ ಜೊತೆ ನಿಲ್ಲು.”

“ನಾನು ಬೇಡಮ್ಮ” ಅಂದೆ.

“ಬೋಂಡಾಗಳ ಮಧ್ಯೆ ಒಂದು ಸಂಪಿಗೆ ಇರ್ಲಿ ಬಾ” ಎಂದು ಕೈ ಹಿಡಿದು ಎಳೆದಳು. ಆ ಹೆಸರನ್ನು ಅವಳು ನಗುತ್ತ ಹೇಳಿದ್ದು ಅದೇ ಮೊದಲು.

ಅಂದು ಸಂಜೆ ಅವಳು ಹಾಡಿದಳು. ಶುರುವಿನಲ್ಲಿ ಧ್ವನಿ ಸಣ್ಣಗಿತ್ತು, ಕೈ ಎರಡು ಸಲ ಮೂಗಿನ ಹತ್ತಿರ ಹೋಗಿ ಬಂತು. ಚರಣಕ್ಕೆ ಬರುವಷ್ಟರಲ್ಲಿ ಕೈ ತಾಳ ಹಾಕುತ್ತಿತ್ತು. ಮಕ್ಕಳೇ, ಅಷ್ಟು ದೊಡ್ಡ ಉಸಿರು ಎಳೆದು ಆ ಮೇಲಿನ ಸ್ವರ ಹಿಡಿದು ನಿಲ್ಲಿಸಬೇಕಾದರೆ ಮೂಗು ಅಗಲವಾಗಿರಬೇಕು ಎಂದು ನನಗೆ ಆಗ ಅನಿಸಿತು. ಸಂಗೀತ ಬಲ್ಲವರು ಒಪ್ಪದಿದ್ದರೆ ಬೇಡ. ಮಾಗಡಿ ರೋಡಿಗೆ ಹೋಗುವಾಗ ಅವಳು ಈಗಲೂ ಮಾಸ್ಕ್ ಹಾಕುತ್ತಾಳೆ. ಆದರೆ ಮನೆಗೆ ಬಂದ ಕೂಡಲೇ ತೆಗೆದು ಎಸೆಯುತ್ತಾಳೆ, ಹಾಗಾಗಿ ಅದು ಧೂಳಿಗೇ ಎಂದು ನಂಬಿದ್ದೇನೆ.

ಹಬ್ಬ ಕಳೆದ ಮೇಲೆ ಹೆಗ್ಗನಹಳ್ಳಿಯವರೇ ಫೋನು ಮಾಡಿ, “ತಗೊಂಡ್ಬನ್ನಿ, ಮೂಗು ಮಾಡಿ ಕೊಡ್ತೀನಿ” ಅಂದರು. “ರಾಣಿ ಮೂಗು ಮುಟ್ಟಿದ್ರೆ ನೋಡಿ!” ಎಂದು ಸಿಂಧುವೇ ಉತ್ತರ ಕೊಟ್ಟಳು. ಹಾಗೆ ಅತ್ತೆಯವರಿಗೆ ಈ ಮನೆಯಲ್ಲಿ ಕಾಯಂ ಸಿಂಹಾಸನ ಸಿಕ್ಕಿತು. ಕಷ್ಟವಾದದ್ದು ನನಗೆ. ಹಬ್ಬ ಮುಗಿಯುವವರೆಗೂ ಸಾರಿನ ಪಾತ್ರೆ ಹಿಡಿದು ಹಾಲ್ ದಾಟುವಾಗಲೆಲ್ಲ ಮೇಲಿನ ಮೆಟ್ಟಿಲಿನಿಂದ ಆ ಮೂಗು ನನ್ನ ಒಗ್ಗರಣೆಯನ್ನು ವಿಚಾರಿಸುತ್ತಿತ್ತು. ಟ್ರಂಕಿಗೆ ಇಡುವ ದಿನ ಅದಕ್ಕೆ ಮಾತ್ರ ಬೇರೆಯಾಗಿ ಹತ್ತಿ ಸುತ್ತಿ, “ಸಾರಿಗೆ ಉಪ್ಪು ಸರಿಯಾಗಿತ್ತಾ ಅತ್ತೆ?” ಎಂದು ಕೇಳಿದೆ. ಜೀವನದಲ್ಲಿ ಮೊದಲ ಸಲ ಅವರು ಏನೂ ಅನ್ನಲಿಲ್ಲ.

ಆಮೇಲೆ ಕೈಗನ್ನಡಿಯಲ್ಲಿ ನನ್ನ ಮೂಗನ್ನು ಒಮ್ಮೆ ನೋಡಿಕೊಂಡೆ. ಚೆನ್ನಾಗಿಯೇ ಇದೆ. ಆದರೆ ಪಾಪ, ಈ ಮನೆಯಲ್ಲಿ ಅದಕ್ಕೆ ವಾರಸುದಾರರೂ ಇಲ್ಲ, ಗೊಂಬೆಯೂ ಇಲ್ಲ. ಪಕ್ಕದಲ್ಲಿ ಮಲಗಿದ್ದ ರಾಜನನ್ನು ನೋಡಿದೆ. ಅವನ ಮೂಗು ಸ್ವಲ್ಪ ಸಡಿಲವಾದಂತೆ ಕಂಡಿತು. ಅವನಿಗೆ ಹತ್ತಿ ಸುತ್ತಲಿಲ್ಲ. ಅಟ್ಟದಲ್ಲಿ ಇಲಿ ಇನ್ನೂ ಇದೆ, ಪೊಟ್ಟಣದಲ್ಲಿ ಅಂಟೂ ಒಂದಿಷ್ಟು ಉಳಿದಿದೆ. ಮೀಸೆಯ ಮೇಲೆ ಸಂಪಿಗೆ ಹೇಗೆ ಕಾಣುತ್ತದೋ, ನೋಡೋಣ.