ಗೆಲುವಿನ ಗೋಲು ಹೊಡೆದವನು ನಾನೇ

ನಾನು ಸುಳ್ಳು ಹೇಳುವವನಲ್ಲ. ನಿಜವನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ‘ಐವತ್ತು ದಾಟಿತು ನೋಡ್ರಿ’ ಎನ್ನುತ್ತೇನೆ. ಎಷ್ಟು ದಾಟಿತು ಎಂದು ಅವರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅಡುಗೆಮನೆಯಲ್ಲಿ ಹೆಂಡತಿಗೆ ಕೈಜೋಡಿಸುತ್ತೀರೋ ಇಲ್ಲವೋ ಎಂದರೆ ‘ದಿನಾ ಎಂಟು ತಾಸು ಕಿಚನ್ನಿನಲ್ಲೇ ಇರುತ್ತೇನೆ’ ಎಂದುಬಿಡುತ್ತೇನೆ. ನನ್ನ ಉದ್ಯೋಗ ಕೆನಡಾದ ವುಡ್‌ಬ್ರಿಡ್ಜಿನ ಒಂದು ಕಿಚನ್ ಕ್ಯಾಬಿನೆಟ್ ಫ್ಯಾಕ್ಟರಿಯಲ್ಲಿ ಎಂಬುದನ್ನು ಕೇಳಿದರಷ್ಟೇ ಹೇಳುತ್ತೇನೆ. ಈ ವಿದ್ಯೆಯಿಂದ ನಾನು ಸಂಪಾದಿಸಿದ ಅತಿ ದೊಡ್ಡ ಆಸ್ತಿ ಒಂದು ವಾಕ್ಯ: ‘ಧಾರವಾಡದಾಗ ಕಾಲೇಜ್ ಫುಟ್‌ಬಾಲ್ ಫೈನಲ್ಲಿನ್ಯಾಗ ಗೆಲುವಿನ ಗೋಲ್ ಹೊಡದಾಂವ ನಾನ.’ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದರ ಹಿಂದೆಯೇ ಬರಬೇಕಾದ ಇನ್ನೊಂದು ವಾಕ್ಯವಿದೆ. ಅದನ್ನು ಮೂವತ್ತು ವರ್ಷ ಯಾರೆದುರೂ ಹೇಳಿರಲಿಲ್ಲ, ಅಷ್ಟೆ.

ಆ ಎರಡು ಕಾಲೇಜುಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಟೊರಾಂಟೊದ ಸುತ್ತಮುತ್ತ ಚದುರಿಕೊಂಡಿರುವ ಎರಡೂ ಕಡೆಯ ಹಳೆಯ ವಿದ್ಯಾರ್ಥಿಗಳು ಮುಂದಿನ ಯುಗಾದಿ ಕಾರ್ಯಕ್ರಮದಲ್ಲಿ ನನ್ನನ್ನು ಊಟದ ಸಾಲಿನಿಂದ ಹೊರಗೆಳೆದು ತಕರಾರು ತೆಗೆಯುತ್ತಾರೆ. ನಮ್ಮದು ದಿನ್ನೆಯ ಮೇಲಿತ್ತು, ಅವರದು ಕೆರೆಯ ಪಕ್ಕಕ್ಕೆ. ದಿನ್ನೆ ಕಾಲೇಜು, ಕೆರೆ ಕಾಲೇಜು ಎಂದಿಟ್ಟುಕೊಳ್ಳಿ. ಇವೆರಡರ ಜಿದ್ದು ಹೇಗೆ ಶುರುವಾಯಿತು ಎಂಬುದಕ್ಕೆ ಖಚಿತವಾದ ಇತಿಹಾಸವಿಲ್ಲ. ಅವರು ನಮ್ಮಿಂದ ಒಂದು ದಿನದ ಮಟ್ಟಿಗೆ ಒಯ್ದ ಚೆಂಡನ್ನು ವಾಪಸು ಕೊಡಲೇ ಇಲ್ಲ ಎಂದು ನಮ್ಮ ಕಡೆಯವರು ಹೇಳುತ್ತಿದ್ದರು. ಕೊಟ್ಟಿದ್ದೇವೆ, ಗಾಳಿ ಹೋಗಿದ್ದರಿಂದ ಇವರಿಗೆ ಗುರುತು ಸಿಕ್ಕಿಲ್ಲ ಎಂದು ಅವರು. ನಮ್ಮ ಪಿ.ಟಿ. ಮಾಸ್ತರರು ಅವರ ಕಾಲೇಜಿಗೆ ಕೆಲಸಕ್ಕೆ ಸೇರುವಾಗ ನಮ್ಮ ಸೀಟಿಯನ್ನೂ ಕೊರಳಲ್ಲೇ ಹಾಕಿಕೊಂಡು ಹೋದರೆಂದೂ, ಜಗಳದ ನಿಜವಾದ ಮೂಲ ಅದೇ ಎಂದೂ ಇನ್ನೊಂದು ಪಂಥದವರ ವಾದ. ಅಂತೂ ವರ್ಷಕ್ಕೊಮ್ಮೆ ಕಪ್ ಫೈನಲ್ ಪಂದ್ಯ ಇವೆರಡರ ನಡುವೆಯೇ. ಅದಕ್ಕೆ ಕಪ್ಪಿಗಿಂತ ದೊಡ್ಡ ಪಣವೊಂದಿತ್ತು: ಸೋತ ಕಾಲೇಜಿನವರು ಮುಂದಿನ ಒಂದು ವರ್ಷ ಗೆದ್ದ ಕಾಲೇಜಿನ ಗೇಟಿನ ಮುಂದೆ ಹಾಯುವಾಗ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಹೋಗಬೇಕು. ಯಾರೂ ಬರೆದಿಟ್ಟ ನಿಯಮವಲ್ಲ. ಆದರೆ ಮುರಿದವನ ಸೈಕಲ್ಲಿನ ಗಾಳಿ ಸಂಜೆಯವರೆಗೆ ಉಳಿಯುತ್ತಿರಲಿಲ್ಲ.

ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ನನ್ನನ್ನು ತಂಡಕ್ಕೆ ತೆಗೆದುಕೊಂಡರು. ಆಟ ನೋಡಿ ತೆಗೆದುಕೊಂಡರೋ ಬೂಟು ನೋಡಿ ತೆಗೆದುಕೊಂಡರೋ ಹೇಳಲಾರೆ. ನನ್ನ ಹತ್ತಿರ ಸ್ವಂತ ಬೂಟುಗಳಿದ್ದವು. ಆ ವರ್ಷದ ಪಂದ್ಯ ಗೋಲಿಲ್ಲದೆ ಮುಗಿಯುವ ಹಾಗಿತ್ತು. ಐದು ನಿಮಿಷ ಉಳಿದಿತ್ತು. ಅವರಿಗೆ ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಸಿಕ್ಕಿತು. ತೇಲಿ ಬರುತ್ತಿದ್ದ ಚೆಂಡನ್ನು ತಲೆಯಿಂದ ಆಚೆ ಅಟ್ಟಬೇಕೆಂದು ನಾನು ಎದ್ದು ಹಾರಿದೆ. ಹಾರುವಾಗ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಚೆಂಡು ನಮ್ಮದೇ ಗೋಲಿನೊಳಗಿತ್ತು. ಅವತ್ತಿನ ಪಂದ್ಯದ ಏಕೈಕ ಗೋಲು ಅದು. ಇಡೀ ದಿನ್ನೆ ಕಾಲೇಜು ಒಂದು ವರ್ಷ ಕೆರೆ ಕಾಲೇಜಿನ ಮುಂದೆ ಸೈಕಲ್ ತಳ್ಳಿತು. ಪ್ರಕಾಶನಾಗಿದ್ದ ನಾನು ‘ಉಲ್ಟಾ ಪಕ್ಯಾ’ ಆದೆ. ಬೂಟುಗಳನ್ನು ತಮ್ಮನಿಗೆ ಕೊಟ್ಟುಬಿಟ್ಟೆ.

ವಿಧಿಯ ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಕೆಲವು ವರ್ಷಗಳ ನಂತರ ಹೆಣ್ಣು ನೋಡಲು ಹೋದರೆ, ಹುಡುಗಿ ಕೆರೆ ಕಾಲೇಜಿನವಳು. ಅವಳ ಅಣ್ಣ ಅವತ್ತಿನ ತಂಡದಲ್ಲಿ ಆಡಿದವನು. ಬಾಗಿಲಲ್ಲೇ ನನ್ನ ಗುರುತು ಹಿಡಿದು, ‘ಅವ್ವಾ, ನಮಗ ಕಪ್ ಗೆಲ್ಲಿಸಿಕೊಟ್ಟಾಂವ ಬಂದಾನ!’ ಎಂದು ಒಳಗೆ ಕೂಗಿದ. ನನಗೆ ಎರಡೆರಡು ಸಲ ಶಿರಾ ಬಡಿಸಿದರು. ಒಂದು ಕಾಲೇಜಿಗೆ ದ್ರೋಹಿಯಾದವನು ಇನ್ನೊಂದಕ್ಕೆ ಅಳಿಯನಾದೆ. ನನ್ನ ಹೆಂಡತಿ ಶೈಲಾ ಇವತ್ತಿಗೂ ಹಿಮ ಎತ್ತುವ ಸರದಿ ಯಾರದು ಎಂಬ ವಾದ ಬಂದರೆ, ‘ನಮ್ಮ ಗೇಟಿನ ಮುಂದ ಸೈಕಲ್ ಇಳದು ನಡದೋರು ನೀವು’ ಎಂದು ಸಲಿಕೆಯನ್ನು ನನ್ನ ಕೈಗೆ ಕೊಡುತ್ತಾಳೆ. ಅದೇಕೆ ಇಳಿದು ನಡೆದೆವು, ಯಾರ ದೆಸೆಯಿಂದ ನಡೆದೆವು ಎಂಬುದನ್ನು ಮಾತ್ರ ಮಗಳ ಎದುರು ಒಂದು ದಿನವೂ ಬಾಯಿಬಿಟ್ಟವಳಲ್ಲ. ನಾನು ಗೆಳೆಯರ ಮನೆಗಳಲ್ಲಿ ನನ್ನ ವಾಕ್ಯವನ್ನು ಹೇಳುವಾಗ ಅವಳು ತಲೆ ತಗ್ಗಿಸಿ ಚಟ್ನಿ ಬಡಿಸಿಕೊಳ್ಳುತ್ತಿದ್ದಳು.

ಈ ವಾಕ್ಯ ಕೆನಡಾದಲ್ಲಿ ನನಗೆ ಒಮ್ಮೆ ದುಬಾರಿಯೂ ಆಯಿತು. ಫ್ಯಾಕ್ಟರಿಯ ಲಂಚ್‌ರೂಮಿನಲ್ಲಿ ನಾನು ‘ಕಾಲೇಜ್ ಫುಟ್‌ಬಾಲ್ ಆಡಿದ್ದೆ’ ಎಂದಾಗ ನಮ್ಮ ಸೂಪರ್‌ವೈಸರ್ ಹುಡುಗ ತಿನ್ನುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು, ಭುಜಕ್ಕೆ ದಿಂಬು ಕಟ್ಟಿಕೊಂಡು, ಚೆಂಡನ್ನು ಕಂಕುಳಲ್ಲಿ ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಆಟ. ನಮ್ಮ ಫುಟ್‌ಬಾಲಿಗೆ ಇಲ್ಲಿಯವರು ಸಾಕರ್ ಎನ್ನುತ್ತಾರೆ. ಗೊತ್ತಿತ್ತು. ಆದರೆ ಅವನ ಕಣ್ಣಲ್ಲಿ ಮೂಡಿದ ಗೌರವ ನೋಡಿ ತಿದ್ದುವ ಮನಸ್ಸಾಗಲಿಲ್ಲ. ಮರುದಿನ ಅಡುಗೆಕಟ್ಟೆಗೆ ಹಾಸುವ ಒಂದು ಕಲ್ಲಿನ ಕೌಂಟರ್‌ಟಾಪ್ ಎತ್ತಲು ಇಬ್ಬರು ಸಾಲದೆ ಹೋದಾಗ ಅವನು ‘ಫುಟ್‌ಬಾಲ್ ಆಟಗಾರ ಇದ್ದಾನಲ್ಲ!’ ಎಂದು ನನ್ನನ್ನೇ ಕರೆದ. ಮೂರು ದಿನ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಮಲಗಿದ್ದೆ.

ಇಷ್ಟೆಲ್ಲ ಹೇಳಿದ್ದು ನನ್ನ ಮಗಳ ವಿಷಯಕ್ಕೆ ಬರಲು. ಅವಳ ಹೆಸರು ಸ್ಫೂರ್ತಿ. ಆ ಹೆಸರು ಇಲ್ಲಿಯವರ ಬಾಯಿಗೆ ಹತ್ತದೆ ತಂಡದ ಹುಡುಗಿಯರು ಅವಳನ್ನು ‘ಸ್ಪೂ’ ಎನ್ನುತ್ತಾರೆ. ನನ್ನ ವಾಕ್ಯವನ್ನು ಕೇಳಿಕೇಳಿಯೇ ಆರು ವರ್ಷಕ್ಕೆ ಚೆಂಡು ಒದೆಯಲು ಶುರುಮಾಡಿದವಳು, ಈಗ ಕಾಲೇಜಿನ ಎರಡನೆಯ ವರ್ಷದಲ್ಲಿ ತಂಡದ ಡಿಫೆಂಡರ್. ಅವಳ ಕಾಲೇಜಿಗೂ ಹೈವೇ ಆಚೆಗಿನ ಇನ್ನೊಂದು ಕಾಲೇಜಿಗೂ ನಮ್ಮ ದಿನ್ನೆ–ಕೆರೆಗಳಂಥದೇ ಹಳೆಯ ಜಿದ್ದು. ಕಳೆದ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಆ ಪಂದ್ಯಕ್ಕೆ ನಾನೂ ಶೈಲಾಳೂ ಮಡಚುವ ಕುರ್ಚಿ, ಕಂಬಳಿ, ಥರ್ಮಾಸಿನ ಚಹಾ ಸಮೇತ ಹೋಗಿ ಕುಳಿತಿದ್ದೆವು. ಆಟ ತಲಾ ಒಂದು ಗೋಲಿನಿಂದ ಸಮವಾಗಿತ್ತು. ಕೊನೆಯ ಗಳಿಗೆಯಲ್ಲಿ ಎದುರಾಳಿ ಹುಡುಗಿ ಜೋರಾಗಿ ಅಡ್ಡ ಹೊಡೆದ ಚೆಂಡನ್ನು ತಡೆಯಲು ಸ್ಫೂರ್ತಿ ಕಾಲು ಚಾಚಿದಳು. ಚೆಂಡು ಅವಳ ಮೊಣಕಾಲಿಗೆ ಬಡಿದು ಅವಳದೇ ಗೋಲಿನೊಳಗೆ ಹೋಯಿತು. ಅವಳು ಜರ್ಸಿಯನ್ನು ಮುಖದ ಮೇಲೆ ಎಳೆದುಕೊಂಡು ಅಲ್ಲೇ ಕುಸಿದಳು. ನನ್ನ ಕೈಯಲ್ಲಿದ್ದ ಚಹಾ ಕಂಬಳಿಯ ಮೇಲೆ ಚೆಲ್ಲಿದ್ದು ನನಗೆ ತಿಳಿಯಲೇ ಇಲ್ಲ. ನನ್ನ ಬಣ್ಣ ಬಂದಿದೆ, ನನ್ನ ಮೂಗು ಬಂದಿದೆ, ಇದೊಂದು ಬರದಿದ್ದರೆ ಆಗುತ್ತಿರಲಿಲ್ಲವೇ ಎಂದುಕೊಂಡೆ.

ಮನೆಗೆ ಬಂದವಳೇ ಬೇಸ್‌ಮೆಂಟಿಗೆ ಇಳಿದು ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ಎರಡಾದರೂ ಮೇಲೆ ಬರಲಿಲ್ಲ.

‘ಊಟಕ್ಕೂ ಬರಾಕ ಒಲ್ಲೆ ಅಂತಾಳ. ನೀವರ ಹೋಗಿ ಒಂದ್ ಮಾತ ಹೇಳ್ರಿ,’ ಎಂದಳು ಶೈಲಾ.

‘ನಾ ಏನ್ ಹೇಳ್ಲಿ?’

‘ಇಪ್ಪತ್ತ ವರ್ಷ ಫುಟ್‌ಬಾಲ್ ಫುಟ್‌ಬಾಲ್ ಅಂತ ಬಾಯಿ ಮುಚ್ಚಿಲ್ಲ. ಇವತ್ತ ಏನ್ ಹೇಳ್ಲಿ ಅಂತ ನನ್ನ ಕೇಳ್ತೀರಲ್ಲ!’

ಹೋದೆ. ಬಾಗಿಲಿಗೆ ಚಿಲಕ ಇರಲಿಲ್ಲ. ಸ್ಫೂರ್ತಿ ಹಳೆಯ ಸೋಫಾದ ಮೂಲೆಯಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಿದ್ದಳು. ತೊಡೆಯ ಮೇಲೆ ಲ್ಯಾಪ್‌ಟಾಪ್. ‘ಕೋಚ್‌ಗೆ ಇಮೇಲ್ ಬರದೀನಿ. ಐ ಯಾಮ್ ಕ್ವಿಟಿಂಗ್,’ ಎಂದಳು. ಆಟದಲ್ಲಿ ಇದೆಲ್ಲ ಇದ್ದದ್ದೇ, ಹೋಗಲಿ ಬಿಡು ಎಂದು ನಾನು ಶುರುಮಾಡುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು. ‘ನಿಂಗ ತಿಳಿಯಂಗಿಲ್ಲ ಅಪ್ಪಾ. ಯೂ ಸ್ಕೋರ್ಡ್ ದ ವಿನ್ನಿಂಗ್ ಗೋಲ್!’

ಅವಳು ಹದಿನಾಲ್ಕು ವರ್ಷ ಪ್ರೀತಿಯಿಂದ ಆಡಿದ ಆಟ ಒಂದು ಬಟನ್ ಒತ್ತಿದರೆ ಮುಗಿಯುವುದರಲ್ಲಿತ್ತು. ನಾನು ಪಕ್ಕದಲ್ಲಿ ಕುಳಿತು ಎರಡನೆಯ ವಾಕ್ಯವನ್ನು ಹೇಳಿದೆ. ‘ಗೋಲ್ ಹೊಡದಿದ್ದು ಖರೇ ಅದ ಅವ್ವಾ. ನಮ್ಮ ಗೋಲಿನ್ಯಾಗ ಹೊಡದಿದ್ದೆ.’ ಅವಳು ತಿರುಗಿ ನೋಡಿದಳು. ಮುಚ್ಚಿದ ಕಣ್ಣು, ಸೈಕಲ್ಲು, ಉಲ್ಟಾ ಪಕ್ಯಾ, ತಮ್ಮನಿಗೆ ಕೊಟ್ಟ ಬೂಟು, ಎಲ್ಲ ಹೇಳಿದೆ. ‘ಆಮ್ಯಾಲೆ?’ ಎಂದಳು. ‘ಆಮ್ಯಾಲೆ ಆಡಲೇ ಇಲ್ಲ. ಅದೊಂದ ಇವತ್ತಿಗೂ ಮನಸಿನ್ಯಾಗ ಚುಚ್ಚತದ,’ ಎಂದೆ. ಅವಳ ಬೆರಳು ಇನ್ನೂ ಕೀಬೋರ್ಡಿನ ಮೇಲೇ ಇತ್ತು.

ಮೆಟ್ಟಿಲ ಮೇಲೆ ಶೈಲಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ! ‘ಅರ್ಧಾ ಹೇಳ್ಯಾರ ನಿಮ್ಮಪ್ಪ,’ ಎಂದಳು. ‘ನಾ ಆಗ ಫಸ್ಟ್ ಇಯರ್. ಅವತ್ತ ಅಲ್ಲೇ ಕುಂತು ನೋಡೇನಿ. ಗೋಲ್ ಆತು, ಇವರ ಟೀಮಿನ್ಯಾಗ ಎಲ್ಲಾರೂ ತಲಿ ಹಿಡ್ಕೊಂಡು ಕುಂತ್ರು. ಇವರೊಬ್ಬರ ಬಾಲ್ ಎತ್ತಿ ಅವಚಿಕೊಂಡು ಸೆಂಟರ್ ತನಕಾ ಓಡಿದ್ರು. ನಡೀರಿ, ಇನ್ನೂ ಆಡೂಣು ಅಂತ. ಸಂಬಂಧ ಬಂದಾಗ ಅಣ್ಣ ನಕ್ಕ. ನಾ ನಗಲಿಲ್ಲ. ಆ ಹುಡುಗ ಆದ್ರ ಹೂಂ ಅನ್ನು ಅಂತ ಅವ್ವಗ ಹೇಳಿದೆ.’

ಮದುವೆಯಾಗಿ ಇಪ್ಪತ್ತಾರು ವರ್ಷ. ಈ ಮಾತನ್ನು ಅವಳು ಒಮ್ಮೆಯೂ ಆಡಿದವಳಲ್ಲ. ಯಾವ ಗಳಿಗೆಯನ್ನು ಮುಚ್ಚಿಡಲು ನಾನು ಇಷ್ಟು ವರ್ಷ ಹೆಣಗಿದೆನೋ ಅದನ್ನೇ ನೋಡಿ ಇವಳು ನನ್ನನ್ನು ಒಪ್ಪಿಕೊಂಡಿದ್ದಳು. ‘ಹೌದಾ ಅಪ್ಪಾ? ಬಾಲ್ ತಗೊಂಡು ಓಡಿದ್ಯಾ?’ ಎಂದು ಸ್ಫೂರ್ತಿ ನನ್ನ ತೋಳು ಹಿಡಿದು ಕೇಳಿದಳು. ತಾಯಿ ಮಗಳು ಇಬ್ಬರೂ ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಅದುವರೆಗೆ ಯಾರೂ ನನ್ನನ್ನು ನೋಡಿರಲಿಲ್ಲ.

ಓಡಿದ್ದು ಹೌದು. ಅಳುವುದು ಯಾರಿಗೂ ಕಾಣದಿರಲೆಂದು ಚೆಂಡನ್ನೆತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದೆ. ಮೈದಾನದಿಂದ ಹೊರಬೀಳುವ ದಾರಿ ಆಚೆ ಬದಿಗಿತ್ತು, ಹಾಗಾಗಿ ಆ ಕಡೆಗೆ ಓಡಿದೆ. ನಡುವೆ ರೆಫ್ರಿ ಅಡ್ಡ ಬಂದು ಚೆಂಡು ಕಸಿದುಕೊಂಡು ಸೆಂಟರಿನಲ್ಲಿ ಇಡದಿದ್ದರೆ ಚೆಂಡಿನ ಸಮೇತ ಸೀದಾ ಮನೆ ಸೇರುತ್ತಿದ್ದೆ.

ಇದನ್ನೂ ಹೇಳಿಬಿಡಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಸ್ಫೂರ್ತಿ ಲ್ಯಾಪ್‌ಟಾಪ್ ಮುಚ್ಚಿ ಕಣ್ಣು ಒರೆಸಿಕೊಂಡಳು. ‘ಟ್ಯೂಸ್‌ಡೇ ಪ್ರ್ಯಾಕ್ಟಿಸ್ ಅದ. ರೈಡ್ ಕೊಡ್ತೀಯಾ?’ ಎಂದಳು.

‘ಕೊಡ್ತೀನಿ ಅವ್ವಾ,’ ಎಂದೆ. ಇಬ್ಬರೂ ಇನ್ನೂ ನನ್ನ ಉತ್ತರಕ್ಕೇ ಕಾಯುತ್ತಿದ್ದರು. ‘ಓಡಿದ್ದು ಖರೇ. ಇನ್ನೂ ಐದ ನಿಮಿಷ ಆಟ ಉಳದಿತ್ತಲ್ಲಾ...’ ಎಂದೆ.

ಮೂವರೂ ಮೇಲೆ ಬಂದು ಊಟಕ್ಕೆ ಕುಳಿತೆವು. ಶೈಲಾ ಕೇಳದೆಯೇ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು. ತಲೆ ಎತ್ತದೆ ತಿಂದೆ.