ಕುಳಿತು ನೋಡತಕ್ಕದ್ದು

ಕೆರೂರಿನ ಹೊರಗೆ ಏಳಲಿರುವ ವಾಣಿಜ್ಯ ಸಂಕೀರ್ಣದ ಪಾಯಾ ಅಗೆಯುವಾಗ ಪುರಾತತ್ವ ವೀಕ್ಷಕರೊಬ್ಬರು ಸ್ಥಳದಲ್ಲಿ ಕುಳಿತು ಮಣ್ಣನ್ನು ನೋಡತಕ್ಕದ್ದು ಎಂಬುದು ನಿಯಮ. ನಿಂತು ನೋಡಿದ್ದನ್ನು ನೋಡಿದ್ದೆಂದು ಪರಿಗಣಿಸತಕ್ಕದ್ದಲ್ಲ. ನಿಂತವನು ಯಾವ ಗಳಿಗೆಯಲ್ಲಾದರೂ ಚಹಾಕ್ಕೆ ಹೊರಟುಬಿಡಬಹುದು ಎಂಬ ದೂರದೃಷ್ಟಿ ಇದರ ಹಿಂದಿದೆ.

ಹಾಗೆ ನೋಡಲು ನೇಮಕವಾದವನು ವಿದ್ಯಾಗಿರಿಯ ಕೇದಾರ. ಅಜ್ಜನ ಕಾಲದಿಂದ ಹಳಗನ್ನಡ ಓದಿಕೊಂಡು ಬಂದ ಮನೆತನ, ಶಾಸನಶಾಸ್ತ್ರದಲ್ಲಿ ಎಂ.ಎ., ಗುತ್ತಿಗೆ ನೌಕರಿ. ಅವನಿಗೆ ಕೊಡೆ ಬಂತು, ಗುರುತಿನ ಚೀಟಿ ಬಂತು, ಕುರ್ಚಿ ಮಾತ್ರ ಬರಲಿಲ್ಲ. ಕುರ್ಚಿ ಬರುವವರೆಗೆ ಅಗೆತ ನಿಲ್ಲಿಸಬೇಕೆಂದು ನಿಯಮದಲ್ಲಿ ಇಲ್ಲದ್ದರಿಂದ ಜೆಸಿಬಿ ತನ್ನ ಪಾಡಿಗೆ ಅಗೆಯುತ್ತಿತ್ತು.

ಒಂದು ಮಧ್ಯಾಹ್ನ ಜೆಸಿಬಿ ಓಡಿಸುವ ಮುರ್ತುಜಸಾಬ ಇಂಜಿನ್ ಬಂದ್ ಮಾಡಿ ಕರೆದ. "ಸಾಹೇಬ್ರ, ಕಲ್ಲಿನ ಮ್ಯಾಲ ಏನೋ ಬರದಾರ ನೋಡ್ರಿ."

ಕೇದಾರ ಗುಂಡಿಗಿಳಿದು ಅಂಗೈಯಿಂದ ಮಣ್ಣು ಒರೆಸಿದ. ಕೆರೆಗೆ ಭೂಮಿ ಬಿಟ್ಟುಕೊಟ್ಟ ಹೆಣ್ಣುಮಗಳೊಬ್ಬಳ ಹೆಸರು. ಕೊನೆಗೆ, ಇದನ್ನು ಅಳಿಸಿದವನಿಗೆ ಕವಿಲೆ ಹಸುವನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪ. ಎಷ್ಟೋ ನೂರು ವರ್ಷಗಳ ಮೇಲೆ ಅವಳ ಹೆಸರನ್ನು ಓದುತ್ತಿರುವವನು ತಾನೊಬ್ಬನೇ ಅನಿಸಿ ಅವನ ಕಣ್ಣು ತುಂಬಿತು.

ಗುತ್ತಿಗೆದಾರ ಈರಪ್ಪನಿಗೂ ಸಂತೋಷವಾಯಿತು. "ಪಾಯಾದಾಗ ತುಂಬಾಕ ಛಲೋ ಕಲ್ಲು. ನಾಳಿ ಮುಂಜಾನಿ ಒಡಸ್ತೇನಿ."

ಕೇದಾರ ಬಾಗಲಕೋಟೆಯಲ್ಲಿದ್ದ ಮೇಲಧಿಕಾರಿ ಸರಸ್ವತೀಬಾಯಿಗೆ ಫೋನು ಹಚ್ಚಿದ.

"ಮೇಡಂ, ಶಾಸನ ಸಿಕ್ಕದರಿ. ಕೆಲಸ ನಿಲ್ಲಸ್ರಿ."

"ಕುರ್ಚಿ ಬಂದದೇನು?"

"ಇಲ್ರಿ."

"ಅಂದ್ರ ವೀಕ್ಷಣಾ ಇನ್ನೂ ಶುರು ಆಗಿಲ್ಲ. ಶುರು ಆಗದ ವೀಕ್ಷಣಾದಾಗ ಶಾಸನ ಹೆಂಗ ಸಿಗತದ, ಕೇದಾರ?"

"ಕಣ್ಣಾರೆ ನೋಡೇನ್ರಿ."

"ನಿಂತು ನೋಡೀರಿ." ಆಕೆಯ ದನಿಯಲ್ಲಿ ಮರುಕವೇ ಇತ್ತು. "ಮೊದಲ ಕೂಡಲಿಕ್ಕೆ ಅಲ್ಲೇ ಏನರ ಮಾಡಿಕೋರಿ. ನಂಬರು ಹಾಕಸ್ತೇನಿ. ನಂಬರು ಬಿದ್ದ ಆಸನ ಸರಕಾರಿ ಸ್ವತ್ತು, ಯಾರೂ ಮುಟ್ಟೋ ಹಂಗಿಲ್ಲ."

ಕೇದಾರ ಫೋನನ್ನು ಕಿಸೆಗೆ ಹಾಕಿ ಕಲ್ಲನ್ನೇ ನೋಡಿದ. ಶಾಸನವನ್ನು ಒಡೆದರೆ ಕೇಳುವವರಿಲ್ಲ, ಸರಕಾರದ ಆಸನವನ್ನು ಒಡೆದರೆ ಪೊಲೀಸರು ಬರುತ್ತಾರೆ. ಅವನು ಈರಪ್ಪನ ಹತ್ತಿರ ಹೋಗಿ, "ನನಗ ಕೂಡಲಿಕ್ಕೆ ಆ ಕಲ್ಲು ಕೊಡ್ರಿ" ಎಂದ.

ಈರಪ್ಪ ಸಣ್ಣ ಮನಸ್ಸಿನವನಲ್ಲ. ಎರಡು ಸಿಮೆಂಟಿನ ಕಟ್ಟೆ ಕಟ್ಟಿಸಿ ಮೇಲೆ ಕಲ್ಲು ಹಾಸಿಸಿದ. ಅಕ್ಷರ ಕೆಳಮುಖವಾಗಿರಲಿ ಎಂದು ಕೇದಾರ ಬೇಡಿಕೊಂಡ.

"ಹಿಂದಿನ ಕಡೆ ಉಬ್ಬುತಗ್ಗು ಐತ್ರಿ. ಅಕ್ಷರದ ಕಡೆ ಸಪಾಟ. ನಿಮ್ಮ ಸೊಂಟಕ್ಕ ಛಲೋ."

ಸರಸ್ವತೀಬಾಯಿ ಖುದ್ದು ಬಂದು ಪರಿಶೀಲಿಸಿ, ಆ ಹೆಣ್ಣುಮಗಳ ಹೆಸರಿನ ಮೇಲೆ ಬಿಳಿ ಬಣ್ಣದಲ್ಲಿ 'ಆಸನ ಸಂಖ್ಯೆ ೧' ಎಂದು ಬರೆಸಿದರು. ಕೇದಾರ ವಿಧಿವತ್ತಾಗಿ ಕುಳಿತ.

"ಮೇಡಂ, ಈಗ ಕೂತೇನ್ರಿ. ಇದು ಶಾಸನ."

"ಕೂತಾಗ ಕಾಣಸ್ತದೇನು?"

ಕೂತಾಗ ಕಾಣಿಸುತ್ತಿರಲಿಲ್ಲ. ಆ ದಿನದ ವರದಿಯಲ್ಲಿ ಕೇದಾರ 'ಪುರಾತನ ವಸ್ತು ಕಂಡುಬಂದಿಲ್ಲ' ಎಂದು ಬರೆದ. ಬರೆಯುವಾಗ ಅವನಿಗೆ ನಾಚಿಕೆಯಾಯಿತು. ಆದರೂ ಕಲ್ಲು ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡ. ಎರಡನೆಯ ದಿನ ನಾಚಿಕೆ ಕಡಿಮೆ ಇತ್ತು.

ಮುಂದಿನ ವಾರ ಕತ್ತಿ ಹಿಡಿದು ಕುದುರೆಯೇರಿದ ವೀರನೊಬ್ಬನ ಕಲ್ಲು ಮೇಲೆ ಬಂತು. ಮುರ್ತುಜಸಾಬ ಮತ್ತೆ ಇಂಜಿನ್ ಬಂದ್ ಮಾಡಿದ.

"ಯಾರ್ರಿ ಇಂವ, ಕುದರಿ ಮ್ಯಾಲಿನಾಂವ?"

ಕೇದಾರ ಎದ್ದು ಬಂದು ಕಲ್ಲಿನ ಅಗಲವನ್ನು ಗೇಣಿನಿಂದ ಅಳೆದ.

"ಮೇಜು," ಎಂದ.

"ಹೌದ್ರಿ," ಎಂದು ಮುರ್ತುಜಸಾಬ ಅದನ್ನು ಹುಷಾರಾಗಿ ಎತ್ತಿ ತಂದು ಆಸನದ ಮುಂದಿಟ್ಟ. ಈರಪ್ಪ ಎಲ್ಲರಿಗೂ ಚಹಾ ತರಿಸಿದ. ವೀರನ ತಲೆ ಉಬ್ಬಿಕೊಂಡಿದ್ದರಿಂದ ಮೇಲಿಟ್ಟ ಕಪ್ಪು ವಾಲಿ ಚಹಾ ಚೆಲ್ಲಿತು. ಉಬ್ಬಿದ ಭಾಗವನ್ನು ಕೆತ್ತಿಸಿ ಸಪಾಟು ಮಾಡಿಸಿಕೊಡಬೇಕೆಂದು ಕೇದಾರ ಕುಳಿತಲ್ಲಿಂದಲೇ ಅರ್ಜಿ ಬರೆದ. ಮಂಜೂರಾತಿ ಸಂಜೆಯೊಳಗೆ ಬಂತು.