ತುಳಸಿಕಟ್ಟೆಯ ಅಡಿಯಲ್ಲಿದ್ದದ್ದು

ಹೊಸ ಮನೆ ಕಟ್ಟಿಸಿದವರಿಗೆ ಬಂದವರಿಗೆಲ್ಲ ಮನೆ ತೋರಿಸುವ ಚಟ ಇರುತ್ತದೆ. ದೇವರ ಕೋಣೆಯಿಂದ ಶುರುಮಾಡಿ, ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯನ್ನು ಮುಟ್ಟಿಸಿ ನೋಡಿಸಿ, ಇನ್ನೂ ಕಟ್ಟದ ಮಹಡಿಯ ಮೆಟ್ಟಿಲನ್ನೂ ಹತ್ತಿಸಿ ಇಳಿಸುತ್ತಾರೆ. ಧೈರ್ಯಸ್ಥರು ಪಾಯಖಾನೆಯ ಬಾಗಿಲನ್ನು ಅರ್ಧ ತೆರೆದು ಒಳಗಿನ ಬಿಳಿ ಟೈಲ್ಸ್ ಕಾಣಿಸಿ ಮುಚ್ಚುವುದೂ ಉಂಟು. ಆದರೆ ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆಂದು ಅಂಗಳಕ್ಕೆ ಕರೆದೊಯ್ದು ಗುಂಡಿ ತೋರಿಸಿದ ಯಜಮಾನನನ್ನು ನಾನಂತೂ ಕಂಡಿಲ್ಲ. ನಾನೂ ತೋರಿಸಲಿಲ್ಲ. ತೋರಿಸಲಿಲ್ಲ ಎನ್ನುವುದಕ್ಕಿಂತ ಹನ್ನೊಂದು ವರ್ಷ ಮುಚ್ಚಿಟ್ಟೆ ಎನ್ನುವುದೇ ಸರಿ. ಶಿರಸಿಯಲ್ಲಿ ನಾನು ಕಟ್ಟಿಸಿದ ಮನೆಯ ಗುಂಡಿ ಇದ್ದದ್ದು ತುಳಸಿಕಟ್ಟೆಯ ಅಡಿಯಲ್ಲಿ. ಇದು ಗೊತ್ತಿದ್ದದ್ದು ಇಬ್ಬರಿಗೆ, ಕಟ್ಟಿದ ಮೇಸ್ತ್ರಿಗೆ ಮತ್ತು ನನಗೆ. ಗೊತ್ತಾಗಬಾರದಿದ್ದದ್ದು ದಿನವೂ ಆ ಕಟ್ಟೆಗೆ ಪೂಜೆ ಮಾಡುತ್ತಿದ್ದ ನನ್ನ ತಾಯಿಗೆ. ನಮ್ಮ ಕಡೆ ತಾಯಿಯನ್ನು ಆಯಿ ಎನ್ನುತ್ತೇವೆ.

ಪಾಯಖಾನೆಯ ವಿಷಯದಲ್ಲಿ ನನ್ನ ಗ್ರಹಚಾರ ಮೊದಲಿನಿಂದಲೂ ನೆಟ್ಟಗಿರಲಿಲ್ಲ. ಸರ್ಕಾರಿ ಗುಮಾಸ್ತನಾಗಿ ಮೊದಲು ಸಿದ್ದಾಪುರದಲ್ಲಿ ಬಾಡಿಗೆಗೆ ಹಿಡಿದದ್ದು ಒಂದು ಓಬೀರಾಯನ ಕಾಲದ ಮನೆ. ಅದರ ಪಾಯಖಾನೆ ಹಿತ್ತಿಲ ತುದಿಯಲ್ಲಿ, ತಗಡಿನ ಬಾಗಿಲಿನದು. ಚಿಲಕ ಇರಲಿಲ್ಲ. ಒಳಗಿದ್ದವರು ಆಗಾಗ ಕೆಮ್ಮುತ್ತಿರಬೇಕು. ನೆಗಡಿಯಾದಾಗ ಬಿಟ್ಟರೆ ನಮ್ಮ ಮನೆಯಲ್ಲಿ ಕೆಮ್ಮಿಗೆ ಆ ಒಂದೇ ಅರ್ಥವಿತ್ತು. ಆಯಿಗೆ ಮಾತ್ರ ಆ ಮನೆ ಬಲು ಇಷ್ಟ, ಯಾಕೆಂದರೆ ದೇವರಿಗೂ ಅದಕ್ಕೂ ನಡುವೆ ಮೂವತ್ತು ಹೆಜ್ಜೆಗಳ ಅಂತರವಿತ್ತು. ಆಮೇಲೆ ಯಲ್ಲಾಪುರಕ್ಕೆ ವರ್ಗವಾಗಿ ಕ್ವಾರ್ಟರ್ಸ್ ಸಿಕ್ಕಿತು. ಅಲ್ಲಿ ತಲೆಯ ಮೇಲೊಂದು ಕಬ್ಬಿಣದ ತೊಟ್ಟಿ, ಅದಕ್ಕೊಂದು ಸರಪಳಿ. ಎಳೆದರೆ ನೀರು ಬರುತ್ತಿರಲಿಲ್ಲ, ಬಿಟ್ಟು ಹೊರಬಂದ ಹತ್ತು ನಿಮಿಷಕ್ಕೆ ತಾನಾಗಿಯೇ ಧೋ ಎಂದು ಸುರಿಯುತ್ತಿತ್ತು. ಮನೆಗೆ ಬಂದ ನೆಂಟರು ಚಹಾ ಲೋಟ ಕೆಳಗಿಟ್ಟು ಒಳಗೆ ಯಾರಿದ್ದಾರೆಂದು ಕೇಳುತ್ತಿದ್ದರು. ಆ ತೊಟ್ಟಿಯನ್ನು ರಿಪೇರಿ ಮಾಡಿಸಲು ನಾನು ಬರೆದ ಅರ್ಜಿಗಳು ಕಡೆಗೆ ನನ್ನದೇ ಮೇಜಿಗೆ ಅಭಿಪ್ರಾಯಕ್ಕಾಗಿ ಬಂದವು.

ಹೀಗೆ ಬೆಂದು ಬಸವಳಿದು ತೊಂಬತ್ತರ ದಶಕದ ಮೊದಲಲ್ಲಿ ಶಿರಸಿಯಲ್ಲಿ ಒಂದು ಸಣ್ಣ ಸೈಟಿನ ಮೇಲೆ ಮನೆ ಎಬ್ಬಿಸಿದೆ. ಹಿಂದುಗಡೆ ಪಕ್ಕದ ನಾಯ್ಕ ಮಾಸ್ತರರ ಬಾವಿ ಇದ್ದುದರಿಂದ ಗುಂಡಿಯನ್ನು ಮುಂದಿನ ಅಂಗಳದಲ್ಲೇ ತೆಗೆಯಬೇಕಾಯಿತು. ಮೇಲೆ ಕಾಂಕ್ರೀಟ್ ಹಾಸು ಹಾಕಿ ಮಣ್ಣು ಮುಚ್ಚಿದ್ದೂ ಆಯಿತು. ಗೃಹಪ್ರವೇಶಕ್ಕೆ ನಾಲ್ಕು ದಿನ ಇರುವಾಗ ತುಳಸಿಕಟ್ಟೆಯನ್ನೇ ಮರೆತಿದ್ದೇವೆಂಬುದು ನೆನಪಾಯಿತು. ಮೇಸ್ತ್ರಿ ಅಂಗಳವನ್ನೆಲ್ಲ ಕಾಲಿನಿಂದ ಮೆಟ್ಟಿ ನೋಡಿ, ಎಲ್ಲ ಕಡೆ ಹೊಸ ಮಣ್ಣು, ಕಟ್ಟೆ ಕುಸಿಯುತ್ತದೆ, ಗಟ್ಟಿ ಇರುವುದು ಇದೊಂದೇ ಜಾಗ ಎಂದು ಗುಂಡಿಯ ಹಾಸಿನ ಮೇಲೆ ನಿಂತ. ಅದು ಬಾಗಿಲಿಗೆ ನೇರವಾಗಿಯೂ ಇತ್ತು, ಪೂರ್ವಕ್ಕೂ ಇತ್ತು. ನಾನು ಆಗ ಒಂದು ಮಾತು ಆಡಬೇಕಿತ್ತು. ಅಡುಗೆಯವರು ಬಂದಿರಲಿಲ್ಲ, ಬಣ್ಣದವನು ಕೈಕೊಟ್ಟಿದ್ದ, ಆಮಂತ್ರಣ ಹಂಚಿ ಮುಗಿದಿತ್ತು. ಸುಮ್ಮನೆ ತಲೆಯಾಡಿಸಿದೆ. ನನ್ನ ಜೀವನದಲ್ಲಿ ಯಾವ ಕಡತಕ್ಕೂ ಅಷ್ಟು ಬೇಗ ಒಪ್ಪಿಗೆ ಕೊಟ್ಟವನಲ್ಲ.

ಆ ತುಳಸಿ ಬೆಳೆದ ಪರಿಯನ್ನು ಹೇಗೆ ಹೇಳಲಿ. ಎರಡೇ ವರ್ಷದಲ್ಲಿ ಆಯಿಯ ತಲೆ ಮೀರಿತು. ಎಲೆಗಳು ಕಡುಹಸುರು, ಕಾಂಡ ಹೆಬ್ಬೆರಳು ಗಾತ್ರ. ದಾರಿಯಲ್ಲಿ ಹೋಗುವವರು ನಿಂತು ಕೈಮುಗಿಯುತ್ತಿದ್ದರು. ಹುಲೇಕಲ್ಲಿನ ನನ್ನ ಸೋದರತ್ತೆ ಬಂದಾಗಲೆಲ್ಲ ಸಸಿ ಕಿತ್ತುಕೊಂಡು ಹೋಗಿ ತನ್ನ ಮನೆಯಲ್ಲಿ ನೆಡುತ್ತಿದ್ದಳು. ಅವು ಗೇಣುದ್ದ ಆಗಿ ಒಣಗುತ್ತಿದ್ದವು. ತನಗೆ ಅತ್ತಿಗೆಯಷ್ಟು ಭಕ್ತಿ ಇಲ್ಲವೆಂದು ಪಾಪ ಅವಳು ಕಣ್ಣಲ್ಲಿ ನೀರು ತಂದುಕೊಂಡದ್ದೂ ಇದೆ. ಆಯಿ ಹೆಮ್ಮೆಯನ್ನು ತೋರಿಸಿಕೊಳ್ಳುತ್ತಿರಲಿಲ್ಲ. ಒಂದೇ ಸೂರಿನಡಿ ದೇವರನ್ನೂ ಪಾಯಖಾನೆಯನ್ನೂ ಇಟ್ಟ ಮಗನನ್ನು ಈ ತುಳಸಿಯೇ ಕಾಪಾಡುತ್ತಿದೆ ಎಂದಷ್ಟೇ ಹೇಳುತ್ತಿದ್ದಳು. ದಿನವೂ ಪೂಜೆಯ ನಂತರ ಅದರ ದಳ ಹಾಕಿದ ತೀರ್ಥವನ್ನು ಮನೆಯವರ, ಬಂದ ಓಣಿಯವರ, ಎಲ್ಲರ ಅಂಗೈಗೆ ಒಂದೊಂದು ಉದ್ಧರಣೆ ಹಾಕುತ್ತಿದ್ದಳು. ನಾನು ಕಣ್ಣು ಮುಚ್ಚಿ ಕುಡಿಯುತ್ತಿದ್ದೆ. ನೋಡಿದವರು ಅದನ್ನೂ ಭಕ್ತಿ ಎಂದೇ ತಿಳಿದರು.

ಹೀಗೆ ಹನ್ನೊಂದು ವರ್ಷ ಸಾಗಿತು. ಆ ವರ್ಷ ಆಯಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಇನ್ನು ಜನ್ಮದಲ್ಲಿ ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಕಮೋಡ್ ಹಾಕಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ದಾಸನಕೊಪ್ಪದ ಫಕೀರಪ್ಪ ಎಂಬ ಪ್ಲಂಬರ್ ಬಂದು ಹಳೆಯದನ್ನು ಒಡೆದು ತೆಗೆದು ಕಮೋಡ್ ಕೂರಿಸಿದ. ಆಯಿ ಅದನ್ನು ನೋಡಿದವಳೇ ಕೇಳಿದ ಮೊದಲ ಪ್ರಶ್ನೆ, ಇದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು. ಹಗಲು ಉತ್ತರಕ್ಕೆ, ರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ಕೂರಬೇಕು ಎಂಬುದು ಅವಳು ಎಪ್ಪತ್ತು ವರ್ಷ ಪಾಲಿಸಿಕೊಂಡು ಬಂದ ನಿಯಮ. ಫಕೀರಪ್ಪ ಕೂರಿಸಿದ್ದು ಪೂರ್ವಕ್ಕೆ. ಹೊತ್ತಿಗೊಂದು ದಿಕ್ಕಿಗೆ ತಿರುಗುವ ಕಮೋಡು ಇನ್ನೂ ಬಂದಿಲ್ಲವೆಂದು ಅವನು ವಿನಯದಿಂದಲೇ ತಿಳಿಸಿದ. ಕಡೆಗೆ ಹಗಲಿನ ಶಾಸ್ತ್ರವಾದರೂ ಉಳಿಯಲಿ ಎಂದು ಕಿತ್ತು ಉತ್ತರಕ್ಕೆ ತಿರುಗಿಸಿ ಕೂರಿಸಿದ್ದಾಯಿತು. ರಾತ್ರಿಯದನ್ನು ದೇವರು ಕ್ಷಮಿಸಲಿ ಎಂದಳು.

ಸರಿಯಾಗಿ ಒಂಬತ್ತನೆಯ ದಿನ ನೀರು ಬಿಟ್ಟರೆ ಕೆಳಗೆ ಹೋಗದೆ ಮೇಲೆ ಬಂತು. ಫಕೀರಪ್ಪ ಉದ್ದನೆಯ ಬೆತ್ತ ತಂದು ತಳ್ಳಿದ, ರಬ್ಬರಿನ ಬಟ್ಟಲಿನಲ್ಲಿ ಒತ್ತಿದ, ಮೂಸಿ ನೋಡಿದ. ಕೊನೆಗೆ ಕೈ ತೊಳೆದುಕೊಂಡು ಬಂದು, “ಕಮೋಡಿಂದ ತಪ್ಪಿಲ್ರಿ ಸಾಹೇಬ್ರ, ಗುಂಡಿ ತುಂಬೇತಿ. ಮ್ಯಾಲಿನ ಮುಚ್ಚಳ ಎಲ್ಲೈತಿ ತೋರಸ್ರಿ, ಟ್ಯಾಂಕರ್ ತರಸೂಣು” ಎಂದ.

ಒಳಗೆ ಆಯಿ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ತುಳಸಿಯನ್ನೇ ನೋಡುತ್ತಿದ್ದಳು. ನನ್ನ ಕೈ ತಾನಾಗಿ ಹಿತ್ತಿಲ ಕಡೆ ಹೋಯಿತು. ಫಕೀರಪ್ಪ ಅಲ್ಲಿ ಅಗೆದ. ಇಲ್ಲ ಎಂದಾಗ ಬಾಳೆಯ ಬುಡ ತೋರಿಸಿದೆ, ಅದನ್ನೂ ಅಗೆದ. ಮರುದಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಪೈಪು ಮುಂದಕ್ಕೆ ಹೊರಟಿದೆ, ನೀವು ಗುಂಡಿ ಹಿಂದಿದೆ ಎನ್ನುತ್ತೀರಿ, ನೀರು ತಿರುಗಿ ಬರುತ್ತದೆಯೇ ಎಂದು ಅವನು ಎರಡು ಸಲ ಕೇಳಿದ. ಬಹಳ ವರ್ಷವಾಯಿತು, ಮರೆತುಹೋಗಿದೆ ಎಂದೆ. ಹೆಂಡತಿ ನನ್ನ ಮುಖವನ್ನು ಒಂದು ನಮೂನೆ ನೋಡಿದಳು. ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟ ಬೆಲ್ಲ ಎಲ್ಲಿದೆಯೆಂದು ನೆನಪಿರುವ ಗಂಡನಿಗೆ ಇದು ಮರೆತುಹೋಯಿತೆಂದರೆ ಅವಳಾದರೂ ಹೇಗೆ ನಂಬಬೇಕು.

ಎರಡು ದಿನದಲ್ಲಿ ಹಿತ್ತಿಲು ಹಂದಿ ಹೊಕ್ಕ ಗದ್ದೆಯಾಯಿತು. ನಾವೆಲ್ಲ ನಾಯ್ಕ ಮಾಸ್ತರರ ಮನೆಗೆ ಹೋಗಿಬರುತ್ತಿದ್ದೆವು. ನಮ್ಮದು ಹೇಗೋ ನಡೆಯಿತು. ಆಯಿಯನ್ನು ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ನಾನು ಇನ್ನೊಂದು ಕಡೆ ಹೆಂಡತಿ ಹಿಡಿದು, ಬೆಳಗ್ಗೆ ಎಲ್ಲರೂ ಹಾಲಿಗೆ, ಪೇಪರಿಗೆ ಹೊರಬಂದಿರುವ ಹೊತ್ತಿನಲ್ಲಿ ರಸ್ತೆಯ ಮೇಲೆ ಹೊತ್ತುಕೊಂಡು ಹೋಗಬೇಕು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಕಮೋಡೂ ಇರಲಿಲ್ಲ. ನಡುವೆ ತೂತು ಕೊರೆದ ಒಂದು ಮರದ ಸ್ಟೂಲು. ಆಯಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಿರುತ್ತಿದ್ದಳು. ಎಪ್ಪತ್ತು ದಾಟಿದವಳನ್ನು ಹೀಗೆ ಊರಿಗೆಲ್ಲ ಮೆರವಣಿಗೆ ಮಾಡಿಸಿದ ಮಗ ನಾನು, ಕುರ್ಚಿಯ ಎಡಗಾಲು ಹಿಡಿದು ನೆಲ ನೋಡುತ್ತ ನಡೆಯುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು, ನಿನ್ನೆಯಿಂದ ಆಯಿ ನೀರು ಕುಡಿಯುತ್ತಿಲ್ಲ ಎಂದಳು. ಊಟ ಒಂದು ತುತ್ತು, ಮಜ್ಜಿಗೆ ಬೇಡ, ಮಾತ್ರೆಯನ್ನೂ ಒಣಗಂಟಲಲ್ಲೇ ನುಂಗುತ್ತಿದ್ದಾಳೆ. ನೀರು ಕುಡಿದರೆ ಮತ್ತೆ ಆ ಕುರ್ಚಿ ಹತ್ತಬೇಕಲ್ಲ ಎಂದು ಹೇಳಿದಳಂತೆ. ಹೇಳಿದರೆ ಅವಳ ಹನ್ನೊಂದು ವರ್ಷದ ಪೂಜೆ ಮೈಲಿಗೆಯಾಗುತ್ತದೆ, ಹೇಳದಿದ್ದರೆ ಅವಳೇ ಉಳಿಯುವುದಿಲ್ಲ. ಹೋಗಿ ಮಂಚದ ಪಕ್ಕ ನಿಂತೆ.

“ಆಯಿ, ತುಳಸಿಕಟ್ಟೆ ಒಡೆಯವು.” ಒಡೆಯಲೇಬೇಕು ಎಂದೆ ನಾನು.

“ಎಂತಕ್ಕೆ?”

“ಗುಂಡಿ ಅದರ ಅಡಿಗೇ ಇದ್ದು.”

ಅವಳು ಕಿಟಕಿಯ ಹೊರಗೆ ನೋಡಿದಳು. ತುಳಸಿ ಎಂದಿಗಿಂತ ಸೊಂಪಾಗಿ ನಿಂತಿತ್ತು. ಯಾವಾಗಿನಿಂದ ಎಂದು ಕೇಳಿದಳು. ಮನೆ ಕಟ್ಟಿದಾಗಿನಿಂದ ಎಂದೆ.

“ನಿಂಗೆ ಗೊತ್ತಿತ್ತ?”

“ಗೊತ್ತಿತ್ತು.”

ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಅವಳು ಕಿಟಕಿಯಿಂದ ಮುಖ ತಿರುಗಿಸಿ, “ಮೊದಲು ಒಂದು ಲೋಟ ನೀರು ಕೊಡು” ಎಂದಳು. ತಂದುಕೊಟ್ಟೆ. ಒಂದೇ ಗುಟುಕಿನಲ್ಲಿ ಕುಡಿದು ಇನ್ನೊಂದು ಲೋಟ ಕೇಳಿದಳು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅವಳು ನೋಡಿಯೂ ನೋಡದ ಹಾಗೆ ಇದ್ದಳು.

ಮರುದಿನ ತುಳಸಿಯನ್ನು ಬೇರು ಸಮೇತ ಎತ್ತಿ ಎಣ್ಣೆ ಡಬ್ಬಕ್ಕೆ ಹಾಕಿ ಫಕೀರಪ್ಪ ಕಟ್ಟೆ ಒಡೆದ. ಟ್ಯಾಂಕರು ಬಂದು ಅಂಗಳಕ್ಕೆ ಬೆನ್ನು ಮಾಡಿ ನಿಂತು ದಪ್ಪ ಪೈಪು ಇಳಿಸಿತು. ಓಣಿಯ ಜನ ತಂತಮ್ಮ ಬಾಗಿಲಲ್ಲಿ ನಿಂತಿದ್ದರು. ಹನ್ನೊಂದು ವರ್ಷ ನಮ್ಮ ಮನೆಯ ತೀರ್ಥ ಕುಡಿದವರು ಅವರಲ್ಲಿ ಬಹಳ ಮಂದಿ. ಒಬ್ಬೊಬ್ಬರಾಗಿ ಒಳಗೆ ಹೋದರು. ಇನ್ನು ನನಗೆ ಈ ಊರಿನಲ್ಲಿ ತಲೆ ಎತ್ತಿ ನಡೆಯುವ ಯೋಗವಿಲ್ಲ ಎನಿಸಿತು. ಅದು ಸಾಲದೆಂಬಂತೆ ಫಕೀರಪ್ಪ ಕಾಂಕ್ರೀಟ್ ಹಾಸಿನಲ್ಲಿದ್ದ ಬಿರುಕನ್ನೂ ಅದರೊಳಗೆ ಇಳಿದಿದ್ದ ಬೇರುಗಳನ್ನೂ ಕಿಟಕಿಯಲ್ಲಿ ಕೂತಿದ್ದ ಆಯಿಗೇ ಕೂಗಿ ತೋರಿಸಿದ. “ನೋಡ್ರಿ ಅಮ್ಮಾರ, ತುಳಸಿ ಯಾಕ ಹಂಗ ಬೆಳೀತಿತ್ತು ಅನ್ನೂದು ಈಗ ತಿಳೀತು” ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಯಿ ಹೌದು ಎನ್ನುವಂತೆ ತಲೆಯಾಡಿಸಿ ಅವನಿಗೆ ಚಹಾ ಕೊಡಲು ಹೇಳಿದಳು.

ಕಮೋಡು ಸರಿಯಾಯಿತು. ಹೊಸ ಕಟ್ಟೆಯನ್ನು ಗೇಟಿನ ಮೂಲೆಯಲ್ಲಿ, ಪಾಯ ತೋಡಿ, ಕೆಳಗೆ ಮಣ್ಣಲ್ಲದೆ ಬೇರೇನೂ ಇಲ್ಲವೆಂದು ಆಯಿಯ ಎದುರಿಗೇ ತೋರಿಸಿ ಕಟ್ಟಿಸಿದೆ. ಪುರೋಹಿತರು ಬಂದು ಶುದ್ಧಿ ಮಾಡಿ ಹೋದರು. ಅಂದು ಸಂಜೆ ಆಯಿ ನನ್ನನ್ನು ಕರೆದಳು. ಐವತ್ತು ವರ್ಷವಾದರೂ ಅವಳಿಗೆ ನಾನು ಮಾಣಿ, ಅಂದರೆ ಹುಡುಗನೇ.

“ಮಾಣಿ, ಆನು ಗೊತ್ತಿಲ್ದೆ ಪೂಜೆ ಮಾಡಿದಿ. ನೀನು ಗೊತ್ತಿದ್ದೂ ದಿನಾ ತೀರ್ಥ ಕುಡಿದೆ. ನಿಂದೇ ದೊಡ್ಡ ಭಕ್ತಿ ಆತು. ನಾಳಿಂದ ನೀನೇ ನೀರು ಹಾಕು.”

ಮುಖದಲ್ಲಿ ನಗು ಇತ್ತೋ ಇಲ್ಲವೋ ನೋಡುವ ಧೈರ್ಯ ನನಗಿರಲಿಲ್ಲ. ಅಂದಿನಿಂದ ದಿನವೂ ಬೆಳಗ್ಗೆ ತಣ್ಣೀರು ಸ್ನಾನ, ಒದ್ದೆ ಪಂಚೆ, ಕೈಯಲ್ಲಿ ತಂಬಿಗೆ. ಆಯಿ ಕಿಟಕಿಯಲ್ಲಿ ಕೂತು ನಾನು ಮೂರು ಸುತ್ತು ಬರುತ್ತೇನೋ ಎರಡಕ್ಕೇ ಮುಗಿಸುತ್ತೇನೋ ಎಣಿಸುತ್ತಾಳೆ. ಪರಿಶುದ್ಧ ಜಾಗದಲ್ಲಿ, ಪರಿಶುದ್ಧ ಮಣ್ಣಿನಲ್ಲಿ ತುಳಸಿ ಮಾತ್ರ ದಿನದಿಂದ ದಿನಕ್ಕೆ ಸೊರಗಿತು. ಎಲೆ ಹಳದಿಯಾಯಿತು, ಕಡ್ಡಿ ಉಳಿಯಿತು. ಸಗಣಿ ಗೊಬ್ಬರ ಹಾಕಿದೆ, ಕೆರೆಮಣ್ಣು ತಂದು ಹಾಕಿದೆ, ನಿಜವಾಗಿಯೂ ಬೇಡಿಕೊಂಡೆ. ಏನೂ ಉಪಯೋಗವಾಗಲಿಲ್ಲ.

ಕಳೆದ ತಿಂಗಳು ಹುಲೇಕಲ್ಲಿನ ಸೋದರತ್ತೆ ಬಂದಳು. ಅವಳಿಗೆ ನಡೆದದ್ದೇನೂ ಗೊತ್ತಿಲ್ಲ. ನಾನು ಒದ್ದೆ ಪಂಚೆಯಲ್ಲಿ ತಂಬಿಗೆ ಹಿಡಿದು ಕಟ್ಟೆಯ ಎದುರು ನಿಂತಿದ್ದೆ. ಅವಳು ಗೇಟು ತೆಗೆದವಳೇ ಆ ಕಡ್ಡಿಯನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡು, ಅತ್ತಿಗೆ, ಅಂಥ ತುಳಸಿಗೆ ಇದೇನಾಯಿತು ಎಂದು ಕಿಟಕಿಯ ಕಡೆ ಕೂಗಿ ಕೇಳಿದಳು. ನಿಜವಾದ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಆದರೆ ಅತ್ತೆ ಬಂದಾಗಲೆಲ್ಲ ಎರಡೆರಡು ಉದ್ಧರಣೆ ತೀರ್ಥ ಕೇಳಿ ಕುಡಿದವಳು. ನಾನು ತಂಬಿಗೆಯ ನೀರನ್ನು ಕಡ್ಡಿಯ ಬುಡಕ್ಕೆ ಬಗ್ಗಿಸಿದೆ. ಆಯಿ ನನ್ನನ್ನು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದಳು:

“ಎಂತ ಮಾಡದು? ಈಗ ಪೂಜೆ ಮಾಡದು ನಮ್ಮ ಮಾಣಿ.”

ಅತ್ತೆ ನನ್ನ ಕಡೆ ತಿರುಗಿ, ತನ್ನ ಮನೆಯ ಗೇಣುದ್ದದ ತುಳಸಿಗಳನ್ನೆಲ್ಲ ನೆನೆದುಕೊಂಡವಳಂತೆ, ಬಹಳ ಕನಿಕರದಿಂದ ತಲೆಯಾಡಿಸಿದಳು.